ಎಲ್ಲಿಂದ ಬಂದಿರಿ

ಹಿಟ್ಟಿನ ಗಿರಣಿಯ ಮೇಲಿನ ಮನೆ, ಕಾಮಾಕ್ಷಿಪಾಳ್ಯ.
ಬೆಳಿಗ್ಗೆ ಎಂಟಕ್ಕೆ ಕೆಳಗೆ ಬೆಲ್ಟು ತಿರುಗಿದರೆ
ಮೇಜಿನ ಮೇಲಿನ ಲೋಟ ತಾನಾಗಿ ಅಂಚಿಗೆ ನಡೆಯುತ್ತದೆ.
ಅಲ್ಲಿ ಕೂತು ನಾನು ಕನ್ನಡಕ್ಕೆ ತರುವ ಸಾಹಿತ್ಯ ಇಷ್ಟು:
ಒದ್ದೆ ಕೈಯಲ್ಲಿ ಪ್ಲಗ್ ಮುಟ್ಟಬೇಡಿ.
ಮಕ್ಕಳ ಕೈಗೆ ಸಿಗದಂತೆ ಇಡಿ.
ಪದಕ್ಕೆ ಒಂದೂವರೆ ರೂಪಾಯಿ.
ಯಾರೂ ಓದುವುದಿಲ್ಲ; ಮಿಕ್ಸಿ ಕೆಟ್ಟ ದಿನ ಹುಡುಕುತ್ತಾರೆ.

ಯಾವ ಆಫೀಸಿನಲ್ಲೂ ನನ್ನ ಕುರ್ಚಿಯಿಲ್ಲ.
ಇರುವುದು ಒಂದು ವೆಬ್‌ಸೈಟು, ವರ್ಷದ ಬಾಡಿಗೆ ಕಟ್ಟಿ ಉಳಿಸಿಕೊಂಡದ್ದು,
ಮತ್ತೆ ನೀಲಿ ಗೆರೆಯ ಒಂದು ಲೆಕ್ಕದ ಪುಸ್ತಕ:
ದಿನ. ಎಲ್ಲಿಂದ ಬಂದರು. ಎಷ್ಟು ಜನ. ಎಷ್ಟು ಹೊತ್ತು ನಿಂತರು.
ಕಂಪ್ಯೂಟರೇ ಎಲ್ಲ ಬರೆದಿಡುತ್ತದೆ, ಗೊತ್ತು.
ಕೈಯಲ್ಲಿ ಬರೆದರೆ ನಿಜವಾಗಿ ಬಂದ ಹಾಗೆ.

ನಲವತ್ತು ಜನಕ್ಕೆ ಬರೆದೆ,
ನಿಮ್ಮ ಪುಟದ ಮೂಲೆಯಲ್ಲಿ ನನ್ನದೂ ಒಂದು ಕೊಂಡಿ ಹಾಕಿ ಎಂದು.
ಐವರು ಹೂಂ ಅಂದರು.
ಐದಕ್ಕೂ ಒಂದೊಂದು ಬಾಲ ಕಟ್ಟಿ ಕಳಿಸಿದೆ,
ಬಾಲ ನೋಡಿದರೆ ಯಾವ ಗಲ್ಲಿಯಿಂದ ಬಂದರೆಂದು ತಿಳಿಯಲಿ ಅಂತ.
ಆದರೂ ‘ನೇರ’ ಅಂತ ಒಂದು ಸಾಲು ಉಳಿದೇ ಉಳಿಯುತ್ತದೆ.
ನೇರ ಅಂದರೆ ನೇರವಲ್ಲ,
ಎಲ್ಲಿಂದಲೋ ಗೊತ್ತಾಗಲಿಲ್ಲ ಅಂತ.
ಯಾರ ಕಡೆಯವರೆಂದು ಕೊನೆಗೂ ಹೇಳದೆ
ಮದುವೆ ಊಟ ಮುಗಿಸಿ ಕೈ ತೊಳೆಯುವವರ ಹಾಗೆ.

ಕುಕ್ಕರ್ ಕಂಪನಿ ಕೊಂಡಿ ಹಾಕಿದ ದಿನ ಅರವತ್ತೆರಡು ಜನ!
ಅಕ್ಕನಿಗೆ ಫೋನು ಮಾಡಿದೆ.
‘ಎಲ್ಲರಿಗೂ ಕಾಫಿ ಸಾಕಾಯ್ತೇನೇ?’ ಅಂದಳು.
ನಿಂತದ್ದು ತಲಾ ಒಂಬತ್ತು ಸೆಕೆಂಡು.
ಕುಕ್ಕರಿನ ಸೀಟಿ ಎಲ್ಲಿ ಸಿಗುತ್ತದೆ ಅಂತ ಬಂದವರು, ಪಾಪ.

ಇನ್ನೊಂದು ಇತ್ತು.
ನಗರ್ತಪೇಟೆಯ ತಕ್ಕಡಿ ಅಂಗಡಿಯಿಂದ
ದಿನಾ ಒಬ್ಬರು. ರಾತ್ರಿ ಹನ್ನೊಂದು ನಲವತ್ತಕ್ಕೆ.
ನಾಲ್ಕು ನಿಮಿಷ. ಆಮೇಲೆ ಇಲ್ಲ.
ಹತ್ತು ತಿಂಗಳು, ರಂಜಾನಿನಲ್ಲಿ ಮಾತ್ರ ಹೊತ್ತು ಏರುಪೇರು.
ಯಾವುದೋ ಯಂತ್ರ ಇರಬೇಕು ಅಂದುಕೊಂಡೆ,
ಯಂತ್ರಗಳೂ ಬರುತ್ತವೆ ಸುಮ್ಮನೆ ಬಾಗಿಲು ತಟ್ಟಿ ಹೋಗಲು.
ಕೊನೆಗೆ ಒಂದು ಶನಿವಾರ ಮಾರ್ಕೆಟ್ ಬಸ್ಸು ಹತ್ತಿದೆ.

ಜಬೀವುಲ್ಲಾ ಸಾಬರು ಹಿತ್ತಾಳೆ ಬಟ್ಟಲು ಒರೆಸುತ್ತಿದ್ದರು.
ಅವರ ಎಲೆಕ್ಟ್ರಾನಿಕ್ ತಕ್ಕಡಿಯ ಪುಸ್ತಿಕೆ ಕನ್ನಡಕ್ಕೆ ಮಾಡಿದ್ದೆ,
ಎಂಟುನೂರು ಬಾಕಿ ಉಳಿದಿತ್ತು,
ಅದಕ್ಕೇ ಕೊಂಡಿ ಹಾಕಿ ಮುರಿದುಕೊಂಡಿದ್ದೆವು.
ಕೇಳಿದೆ.
‘ನಾನೇ ಮೇಡಂ’ ಅಂದರು.
‘ಗಲ್ಲಾ ಎಣಿಸಿ ಆದಮೇಲೆ ಒಂದು ಸಲ ಒತ್ತಿ ನೋಡ್ತೀನಿ,
ನಿಮ್ಮ ಬಾಗಿಲು ತೆಗೆಯುತ್ತೋ ಇಲ್ವೋ ಅಂತ.
ದುಡ್ಡಿನ ಬದಲು ಕೊಟ್ಟ ಮಾಲು ಅದು,
ಕೆಟ್ಟು ಹೋದರೆ ನನ್ನ ಮೇಲೆ ಬರುತ್ತೆ.’

‘ನಾಲ್ಕು ನಿಮಿಷ ಏನು ಮಾಡ್ತೀರಿ?’
‘ಓದ್ತೀನಿ. ನನಗೆ ಕನ್ನಡ ನಿಧಾನ.’

ಅಂಥವರನ್ನು ಲೆಕ್ಕದಿಂದ ತೆಗೆಯಲು ಒಂದು ಗುಂಡಿ ಇದೆ.
ತೆಗೆಯಬೇಕು ಕೂಡ: ಗಿರಾಕಿಯಲ್ಲ,
ಆ ಕೊಂಡಿಯಿಂದ ಈವರೆಗೆ ಒಂದು ಕೆಲಸವೂ ಬಂದಿಲ್ಲ.
ಬಸ್ಸಿನಲ್ಲಿ ಅದನ್ನೇ ಯೋಚಿಸುತ್ತ ಬಂದೆ, ಮಾಗಡಿ ರಸ್ತೆ ಪೂರ್ತಿ ಜಾಮು.
ಅವರ ಪುಸ್ತಿಕೆಯಲ್ಲಿ ನಾನೇ ಬರೆದ ಸಾಲು:
ಬಟ್ಟಲು ಖಾಲಿಯಿದ್ದಾಗ ಸೊನ್ನೆ ತೋರಿಸುತ್ತಿದೆಯೇ, ಮೊದಲು ನೋಡಿಕೊಳ್ಳಿ.

ಗುಂಡಿ ಒತ್ತಲಿಲ್ಲ.
ಈಗ ಹನ್ನೊಂದೂವರೆ. ಗಿರಣಿ ನಿಂತಿದೆ,
ಲೋಟ ಇಟ್ಟಲ್ಲೇ ಇದೆ.
ಮೊದಲ ಪುಟದಲ್ಲಿ ‘ಅನುಭವ’ಕ್ಕೆ ಮಹಾಪ್ರಾಣ ಬಿಟ್ಟು ಹೋಗಿತ್ತು,
ಇಷ್ಟು ದಿನ ಯಾರೂ ಹೇಳಲಿಲ್ಲ, ಅವರೂ.
ತಿದ್ದುತ್ತಿದ್ದೇನೆ.
ಇನ್ನು ಹತ್ತು ನಿಮಿಷ.